ಫ್ಯೂಸ್ ಸರಿಯಿದ್ದರೂ ಆನ್ ಆಗದ ಚಾರ್ಜರ್: ನನ್ನ ಅನುಭವ

ಚಾರ್ಜರ್ ಆನ್ ಆಗುತ್ತಿಲ್ಲ ಎಂದಾಗ ಅದು ನಿಜವಾಗಿಯೂ ಕೆಟ್ಟಿರಬಹುದು, ಇಲ್ಲವೇ ಸರಿಯಾಗಿಯೇ ಇದ್ದು ಬ್ಯಾಟರಿಯನ್ನು ಗುರುತಿಸಲಾಗದೆ ಸುಮ್ಮನಿರಬಹುದು. ಈಗಿನ ಅನೇಕ ಚಾರ್ಜರ್‌ಗಳು ತಮ್ಮ ತುದಿಗಳಲ್ಲಿ ಒಂದಿಷ್ಟು ಕನಿಷ್ಠ ವೋಲ್ಟೇಜ್ ಕಂಡ ಮೇಲಷ್ಟೇ ಕರೆಂಟ್ ಬಿಡುವುದರಿಂದ, ಪೂರ್ತಿ ಬರಿದಾದ ಬ್ಯಾಟರಿಯನ್ನು ಜೋಡಿಸಿದಾಗ ಅವು ಸತ್ತಂತೆಯೇ ತೋರುತ್ತವೆ. ನನ್ನ 12 ವೋಲ್ಟ್ ಲೆಡ್-ಆ್ಯಸಿಡ್ ಬ್ಯಾಟರಿಯ ಚಾರ್ಜರ್‌ನಲ್ಲಿ ದೀಪ ಬಾರದಿದ್ದಾಗ ನಾನು ಮೊದಲು 12.6 ವೋಲ್ಟ್ ತೋರಿಸುತ್ತಿದ್ದ ಬೇರೊಂದು ಬ್ಯಾಟರಿಯನ್ನು ಜೋಡಿಸಿ ನೋಡಿದೆ. ಆಗಲೂ ದೀಪ ಬರಲಿಲ್ಲ. ಸಾಕೆಟ್‌ನಲ್ಲಿ ವಿದ್ಯುತ್ ಇತ್ತು; ವೈರನ್ನು ಪ್ಲಗ್ಗಿನ ಬುಡದಲ್ಲಿ ಬಾಗಿಸಿ ಬಾಗಿಸಿ ಪರೀಕ್ಷಿಸಿದಾಗಲೂ ಮಲ್ಟಿಮೀಟರಿನ ಬೀಪ್ ಕಡಿಯಲಿಲ್ಲ, ಅಂದರೆ ವೈರ್ ಒಳಗೆ ತುಂಡಾಗಿರಲಿಲ್ಲ.

ಹೊದಿಕೆ ತೆಗೆದ ಮೇಲೆ ಫ್ಯೂಸ್ ನೋಡಿದೆ. ಫ್ಯೂಸ್ ಹೋಗಿದ್ದರೆ ಅದನ್ನು ಬದಲಿಸುವ ಮೊದಲು ಬ್ರಿಡ್ಜ್ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಮತ್ತು ಮಾಸ್‌ಫೆಟ್ (ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡುವ ಸ್ವಿಚ್) ಶಾರ್ಟ್ ಆಗಿವೆಯೇ ಎಂದು ನೋಡಬೇಕು. ಫ್ಯೂಸಿನ ಗಾಜಿನ ಒಳಗೋಡೆ ಕಪ್ಪಾಗಿದ್ದರಂತೂ ಹೊಸ ಫ್ಯೂಸ್ ಹಾಕುವುದು ಇನ್ನೊಂದು ಫ್ಯೂಸನ್ನು ಸುಡುವ ಕೆಲಸವಷ್ಟೇ. ಆದರೆ ಇಲ್ಲಿ ಫ್ಯೂಸ್ ಸರಿಯಾಗಿತ್ತು, ಮತ್ತು ನನ್ನ ಮಟ್ಟಿಗೆ ಅದು ಬಹಳ ಉಪಯುಕ್ತವಾದ ಸುಳಿವಾಗಿತ್ತು. ಫ್ಯೂಸ್ ಉಳಿದಿದೆಯೆಂದರೆ ಭಾರಿ ಕರೆಂಟ್ ಹರಿದಿಲ್ಲ, ಅಂದರೆ ದುಬಾರಿ ಭಾಗಗಳು ಬಹುಶಃ ಕ್ಷೇಮವಾಗಿವೆ. ಸರ್ಕ್ಯೂಟ್ ಕೆಲಸ ಆರಂಭಿಸಲು ಬೇಕಾದ ಯಾವುದೋ ಸಣ್ಣ ಭಾಗವೇ ಕೈಕೊಟ್ಟಿರುವ ಸಾಧ್ಯತೆ ಹೆಚ್ಚು.

ಮುಂದಿನ ಅಳತೆಯನ್ನು ವಿದ್ಯುತ್ ಇದ್ದಾಗಲೇ ಮಾಡಬೇಕಾಗುತ್ತದೆ. 230 ವೋಲ್ಟ್ ಎಸಿ ರೆಕ್ಟಿಫೈ ಆದ ಮೇಲೆ, ವಿದ್ಯುತ್ತನ್ನು ಶೇಖರಿಸಿಡುವ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ನಿಲ್ಲುತ್ತದೆ. ಅದು ಪ್ರಾಣ ತೆಗೆಯಬಲ್ಲ ವೋಲ್ಟೇಜ್ ಆದ್ದರಿಂದ, ಇದರ ಅಭ್ಯಾಸವಿಲ್ಲದವರು ಹೊದಿಕೆಯನ್ನೇ ತೆಗೆಯಬಾರದೆಂಬುದು ನನ್ನ ಅಭಿಪ್ರಾಯ. ಮೀಟರಿನ ಕಪ್ಪು ತುದಿಯನ್ನು ಔಟ್‌ಪುಟ್‌ನ ಮೈನಸ್‌ಗೆ ಹಿಡಿಯದೆ ಆ ದೊಡ್ಡ ಕೆಪಾಸಿಟರಿನ ಮೈನಸ್‌ಗೇ ಕ್ಲಿಪ್ ಮಾಡಿದೆ, ಏಕೆಂದರೆ ಟ್ರಾನ್ಸ್‌ಫಾರ್ಮರಿನ ಎರಡು ಬದಿಗಳು ಪರಸ್ಪರ ಪ್ರತ್ಯೇಕವಾಗಿರುತ್ತವೆ. ಕೆಪಾಸಿಟರಿನಲ್ಲಿ 322 ವೋಲ್ಟ್ ಸಿಕ್ಕಿತು. ಅಲ್ಲಿಗೆ ವೈರ್, ಫ್ಯೂಸ್, ಬ್ರಿಡ್ಜ್ ಎಲ್ಲವೂ ಅನುಮಾನದಿಂದ ಹೊರಬಂದವು.

ಈ ಚಾರ್ಜರಿನ ಕೆಲಸವನ್ನು ನಿಯಂತ್ರಿಸುವ ಐಸಿ (ಚಿಪ್) ಯುಸಿ3842. ತನ್ನ 7ನೇ ಪಿನ್ನಿನಲ್ಲಿ ವೋಲ್ಟೇಜ್ ಸುಮಾರು 16ಕ್ಕೆ ಏರಿದಾಗ ಇದು ಚಾಲೂ ಆಗುತ್ತದೆ, ಸುಮಾರು 10ಕ್ಕೆ ಇಳಿದರೆ ನಿಲ್ಲುತ್ತದೆ. ಆ ಪಿನ್ನಿಗೆ ಸೇರಿದ ಚಿಕ್ಕ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಒಣಗಿದ್ದರೆ, ವೋಲ್ಟೇಜ್ 16 ಮತ್ತು 10ರ ನಡುವೆ ಏರಿಳಿಯುತ್ತಿರುತ್ತದೆ. ಎಷ್ಟೋ ಸಲ ಟಿಕ್ ಟಿಕ್ ಎಂಬ ಸಣ್ಣ ಸದ್ದೂ ಕೇಳಿಸುತ್ತದೆ. ನನ್ನ ಮೀಟರ್ ಸೊನ್ನೆಯ ಹತ್ತಿರವೇ ನಿಂತಿತ್ತು, ಸದ್ದೂ ಇರಲಿಲ್ಲ. ಹಾಗಾದರೆ ಆ ಪಿನ್ ಎಲ್ಲೋ ಶಾರ್ಟ್ ಆಗಿರಬೇಕು, ಇಲ್ಲವೇ ಆರಂಭದ ಕರೆಂಟನ್ನು ಒದಗಿಸುವ ರೆಸಿಸ್ಟರುಗಳು ತುಂಡಾಗಿರಬೇಕು.

ಪ್ಲಗ್ ಕಿತ್ತ ಮೇಲೆಯೂ ದೊಡ್ಡ ಕೆಪಾಸಿಟರಿನ ವೋಲ್ಟೇಜ್ ಇಳಿಯುವ ಲಕ್ಷಣವೇ ಕಾಣಲಿಲ್ಲ. ಕೆಲಸ ಮಾಡುವ ಚಾರ್ಜರಿನಲ್ಲಿ ಈ ಶೇಖರಣೆಯನ್ನು ಸರ್ಕ್ಯೂಟೇ ಬೇಗನೆ ಬಳಸಿ ಮುಗಿಸುತ್ತದೆ. ಚಾಲೂ ಆಗದ ಚಾರ್ಜರಿನಲ್ಲಿ ಅದು ಹರಿದು ಹೋಗಲು ದಾರಿಯೇ ಇರುವುದಿಲ್ಲ. ಸತ್ತ ಚಾರ್ಜರ್ ಬದುಕಿರುವುದಕ್ಕಿಂತ ಹೆಚ್ಚು ಅಪಾಯಕಾರಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಕೆಪಾಸಿಟರನ್ನು ಬರಿದು ಮಾಡಲು ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. 10 ಕಿಲೋ ಓಮ್, 5 ವಾಟ್‌ನ ರೆಸಿಸ್ಟರನ್ನು ಅದರ ಎರಡು ತುದಿಗಳಿಗೆ ಅಡ್ಡಲಾಗಿ ಹಿಡಿದು, ಕೆಲವು ಸೆಕೆಂಡುಗಳ ಬಳಿಕ ಮೀಟರಿನಲ್ಲಿ ಖಚಿತಪಡಿಸಿಕೊಂಡು ಮುಂದುವರಿದೆ.

ದೊಡ್ಡ ಕೆಪಾಸಿಟರಿನ ಪ್ಲಸ್ ತುದಿಯಿಂದ ಐಸಿಗೆ, ಆರಂಭದ ಕರೆಂಟ್ ಒದಗಿಸುವ 150 ಕಿಲೋ ಓಮ್‌ನ ಎರಡು ರೆಸಿಸ್ಟರುಗಳು ಸಾಲಾಗಿದ್ದವು. 300ಕ್ಕೂ ಹೆಚ್ಚಿನ ವೋಲ್ಟೇಜ್ ಒಂದರ ಮೇಲೇ ಬೀಳದಿರಲೆಂದು ಹೀಗೆ ಹಂಚಿರುತ್ತಾರೆ. ಒಂದು ಸರಿಯಾದ ಬೆಲೆ ತೋರಿಸಿತು, ಇನ್ನೊಂದು ಅನಂತ ಎಂದಿತು, ಅಂದರೆ ಅದು ಒಳಗೇ ತುಂಡಾಗಿತ್ತು. ಬೋರ್ಡಿನಲ್ಲೇ ಅಳೆದಾಗ ಸಮಾನಾಂತರ ದಾರಿಗಳಿಂದ ಬೆಲೆ ಕಡಿಮೆ ಕಾಣಬಹುದೇ ಹೊರತು ಹೆಚ್ಚು ಕಾಣುವುದಿಲ್ಲ. ಆದ್ದರಿಂದ ಅನಂತವೆಂದು ತೋರಿಸಿದ ರೆಸಿಸ್ಟರನ್ನು ಕಳಚದೆಯೇ ನಂಬಬಹುದಿತ್ತು. ಹೊಣೆಗಾರ ಸಿಕ್ಕಿದ್ದರೂ ಎರಡನ್ನೂ ಬದಲಿಸಿದೆ, ಜೊತೆಗೆ ಐಸಿಯ ಚಿಕ್ಕ ಕೆಪಾಸಿಟರನ್ನೂ 105 ಡಿಗ್ರಿ ತಾಳಿಕೆಯ ಹೊಸದಕ್ಕೆ ಬದಲಿಸಿದೆ. ಅಷ್ಟೇ ಶಾಖದಲ್ಲಿ ಅಷ್ಟೇ ಕಾಲ ದುಡಿದ ಭಾಗಗಳನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ.

ಮೊದಲ ಪರೀಕ್ಷೆಗೆ 60 ವಾಟ್‌ನ ಹಳೆಯ ಫಿಲಮೆಂಟ್ ಬಲ್ಬನ್ನು ಮೇನ್ಸ್‌ನೊಂದಿಗೆ ಸೀರೀಸ್‌ನಲ್ಲಿ ಜೋಡಿಸಿದೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಬೆಳಗುತ್ತದೆ, ಚಾರ್ಜರ್ ಉಳಿಯುತ್ತದೆ. ಬಲ್ಬ್ ಒಮ್ಮೆ ಮಿಂಚಿ ಆರಿತು, ಚಾರ್ಜರಿನ ದೀಪ ಬಂತು. ನಂತರ ಬಲ್ಬ್ ತೆಗೆದು ಬ್ಯಾಟರಿ ಜೋಡಿಸಿದಾಗ ವೋಲ್ಟೇಜ್ ನಿಧಾನವಾಗಿ 14.4ರವರೆಗೆ ಏರಿ, ಬ್ಯಾಟರಿ ತುಂಬಿದ ಬಳಿಕ 13.6ಕ್ಕೆ ಇಳಿದು ನಿಂತಿತು. ಹಳೆಯ ರೆಸಿಸ್ಟರುಗಳು ಬೋರ್ಡಿಗೆ ಅಂಟಿಕೊಂಡೇ ಕುಳಿತು ಅದರ ಮೇಲೆ ಕಂದು ಕಲೆ ಮಾಡಿದ್ದವು. ಹೊಸದಾಗಿ ಹಾಕಿದ ಅರ್ಧ ವಾಟ್‌ನವುಗಳನ್ನು ಬೋರ್ಡಿನಿಂದ ಸ್ವಲ್ಪ ಮೇಲೆತ್ತಿ ಬೆಸುಗೆ ಹಾಕಿದ್ದೇನೆ.