ಮೈಮೊನಿಡೀಸ್ ಓದುವುದಿದ್ದರೆ ಪತ್ರಗಳಿಂದ ಶುರು ಮಾಡಿ

12ನೇ ಶತಮಾನದ ಯಹೂದಿ ಚಿಂತಕ, ವೈದ್ಯ ಮೈಮೊನಿಡೀಸ್ ಹೆಸರು ಕೇಳಿ ಓದಲು ಹೊರಟವರು ನೇರವಾಗಿ ಆತನ ತತ್ವಗ್ರಂಥ ‘ಗೈಡ್ ಫಾರ್ ದಿ ಪರ್ಪ್ಲೆಕ್ಸ್ಡ್’ ಹಿಡಿಯುತ್ತಾರೆ. ಬೈಬಲ್ಲೂ ಅರಿಸ್ಟಾಟಲನೂ ಅಷ್ಟಿಷ್ಟು ಗೊತ್ತಿಲ್ಲದಿದ್ದರೆ ಹತ್ತು ಪುಟಕ್ಕೇ ಸಾಕಾಗುತ್ತದೆ. ಅದನ್ನು ಸದ್ಯಕ್ಕೆ ಬದಿಗಿಡಿ. ನನ್ನನ್ನು ಕೇಳಿದವರಿಗೆಲ್ಲ ನಾನು ಮೊದಲು ಕೊಡುವುದು ಆತನ ಪತ್ರಗಳನ್ನು.

ಮೊದಲು ಓದಬೇಕಾದ್ದು 1199ರಲ್ಲಿ ಅನುವಾದಕ ಸ್ಯಾಮ್ಯುಯೆಲ್ ಇಬ್ನ್ ತಿಬ್ಬೋನ್‌ಗೆ ಬರೆದದ್ದು. ಆತನ ಮನೆ ಕೈರೋ ಪಕ್ಕದ ಹಳೆಯ ಪಟ್ಟಣ ಫುಸ್ತಾತ್‌ನಲ್ಲಿ, ಸುಲ್ತಾನನ ಅರಮನೆ ಕೈರೋದಲ್ಲಿ. ಬೆಳಿಗ್ಗೆ ಹೋದ ವೈದ್ಯ ಮಧ್ಯಾಹ್ನದ ಮೇಲೆ ಹಸಿದು ಬರುವಷ್ಟರಲ್ಲಿ ಪಡಸಾಲೆ ತುಂಬ ಜನ: ಯಹೂದಿಗಳು, ಅನ್ಯಧರ್ಮೀಯರು, ದೊಡ್ಡವರು, ಬಡವರು. ಸವಾರಿಯಿಂದಿಳಿದು ಕೈ ತೊಳೆದು, ಒಂದು ತುತ್ತು ತಿಂದು ಬರುತ್ತೇನೆ, ತಾಳಿ ಎಂದು ಆತ ಅವರನ್ನೇ ಬೇಡಿಕೊಳ್ಳುತ್ತಾನೆ. ದಿನಕ್ಕೆ ಅದೊಂದೇ ಊಟ. ಆಮೇಲೆ ರಾತ್ರಿಯವರೆಗೂ ಚಿಕಿತ್ಸೆ. ಆಯಾಸಕ್ಕೆ ಮಲಗಿಕೊಂಡೇ ಔಷಧಿ ಹೇಳುತ್ತಾನೆ. ಯಹೂದಿಗಳ ವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ನಂದು ಸಮುದಾಯದವರೆಲ್ಲ ಬಂದು ವಾರದ ವ್ಯವಹಾರ ಕೇಳಿಕೊಂಡು ಹೋಗುತ್ತಾರೆ. ಈ ಭಾಗವನ್ನು ನಿಧಾನವಾಗಿ ಓದಿ. ಸಮುದಾಯದ ನಾಯಕತ್ವ ಎಂದರೆ ಅಲ್ಲಿ ಏನಾಗಿತ್ತೆಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಪುಟ ನನಗೆ ಗೊತ್ತಿಲ್ಲ.

ಆಮೇಲೆ ತಮ್ಮ ಡೇವಿಡ್‌ನ ಪತ್ರ. ಮರುಭೂಮಿ ದಾಟಿ ಕೆಂಪು ಸಮುದ್ರದ ಐಧಾಬ್ ಬಂದರು ತಲುಪಿದವನು, ಹಡಗಿನಲ್ಲಿ ಇಂಡಿಯಾಕ್ಕೆ ಹೊರಟಿದ್ದೇನೆ ಎಂದು ಅಣ್ಣನಿಗೆ ಬರೆದದ್ದು. ಕೈರೋ ಗೆನಿಜಾದಲ್ಲಿ, ಅಂದರೆ ಹಳೆಯ ಕಾಗದಪತ್ರ ಹಾಕಿಡುತ್ತಿದ್ದ ಸಿನಗಾಗ್ ಕೋಣೆಯಲ್ಲಿ, ಉಳಿದುಬಂದಿದೆ. ಅವನು ಸಮುದ್ರಪಾಲಾದ. ವರ್ಷಗಳ ನಂತರ ಪ್ಯಾಲೆಸ್ತೀನಿನ ಏಕರ್ ಪಟ್ಟಣದ ಜೆಫೆತ್‌ಗೆ ಅಣ್ಣ ಬರೆದ ಉತ್ತರವನ್ನು ಇದರ ಬೆನ್ನಿಗೇ ಓದಿ: ಸುಮಾರು ಒಂದು ವರ್ಷ ಹಾಸಿಗೆ ಹಿಡಿದದ್ದು, ತಮ್ಮನ ಕೈಬರಹ ಕಂಡಾಗಲೆಲ್ಲ ಕರುಳು ಕಿವುಚುವುದು. ಬಿಡಿಬಿಡಿಯಾಗಿ ಓದಿದರೆ ಅರ್ಧ ಮಾತ್ರ ದಕ್ಕುತ್ತದೆ.

1172ರಲ್ಲಿ ಯೆಮೆನ್‌ನ ಯಹೂದಿಗಳಿಗೆ ಬರೆದ ಪತ್ರ ದೀರ್ಘವಾದದ್ದು. ಬಲವಂತದ ಮತಾಂತರದಿಂದಲೂ, ತಾನೇ ಮೆಸ್ಸಯ (ಯಹೂದಿಗಳು ಎದುರುನೋಡುವ ಉದ್ಧಾರಕ) ಎಂದು ಹೊರಟವನೊಬ್ಬನಿಂದಲೂ ಕಂಗೆಟ್ಟವರಿಗೆ ಹೇಳಿದ ಧೈರ್ಯ ಅದು. ಸಭೆಗಳಲ್ಲಿ ಓದಿ ಹೇಳಲೆಂದೇ ಬರೆದದ್ದರಿಂದ ಜೋರಾಗಿ ಓದಿದರೆ ಒಳ್ಳೆಯದು.

ಆತನ ಯಹೂದಿ ಕಾನೂನು ಗ್ರಂಥ ‘ಮಿಷ್ನೆ ತೋರಾ’ 14 ಪುಸ್ತಕಗಳದ್ದು. ಈಗ ಬಡವರ ಪಾಲಿನ ಕುರಿತಾದ ಭಾಗದ 10ನೇ ಅಧ್ಯಾಯವೊಂದು ಸಾಕು. ದಾನದ ಎಂಟು ಮೆಟ್ಟಿಲುಗಳಲ್ಲಿ ಎಲ್ಲಕ್ಕಿಂತ ಮೇಲಿನದು ಸಾಲವನ್ನೋ ಕೆಲಸವನ್ನೋ ಕೊಟ್ಟು, ಬಡವ ಮತ್ತೆ ಕೈಯೊಡ್ಡದಂತೆ ಮಾಡುವುದು. ಸೆರೆಯಾದವರನ್ನು ಬಿಡಿಸಲು ಊರೂರಿಗೆ ಪತ್ರ ಬರೆದು ಹಣ ಕೂಡಿಸಿದವನ ಮಾತಿದು.

ಈಗ ‘ಗೈಡ್’ ತೆರೆಯಿರಿ. ಶಿಷ್ಯ ಜೋಸೆಫ್‌ಗೆ ಬರೆದ ಅರ್ಪಣೆ ಓದಿ, ಅಲ್ಲಿಂದ ನೇರ 3ನೇ ಭಾಗದ 51ನೇ ಅಧ್ಯಾಯಕ್ಕೆ, ಅರಮನೆಯ ದೃಷ್ಟಾಂತಕ್ಕೆ ಹೋಗಿ. ಮೊದಲ ಭಾಗದ ಶಬ್ದಚರ್ಚೆಗೆ ಆಮೇಲೆ ಬಂದರಾಯಿತು.