ಕೈ ಕೆಲಸದಲ್ಲಿದ್ದಾಗ ಮನಸ್ಸೂ ಅಲ್ಲೇ ಇರಲಿ

ಹೊಸ ಕೆಲಸದಲ್ಲಿ ನಾವು ತಾನಾಗಿಯೇ ಹುಷಾರಾಗಿರುತ್ತೇವೆ. ನನಗೆ ಭಯ ಜಾಸ್ತಿ ಇರುವುದು ದಿನಾ ಮಾಡುವ ಕೆಲಸದ ಬಗ್ಗೆ, ಯಾಕೆಂದರೆ ಅಲ್ಲಿ ಕೈ ಅಭ್ಯಾಸಬಲದಿಂದ ಓಡುತ್ತಿರುತ್ತದೆ, ಮನಸ್ಸು ಇನ್ನೆಲ್ಲೋ ಇರುತ್ತದೆ.

ಜಪಾನಿನ ರೈಲು ಚಾಲಕರು ಸಿಗ್ನಲ್ ಕಡೆ ಬೆರಳು ತೋರಿಸಿ, ಅದರ ಬಣ್ಣವನ್ನು ಬಾಯಿಬಿಟ್ಟು ಹೇಳುತ್ತಾರೆ. ಇದನ್ನು ನೀವೂ ಮಾಡಿ. ಸ್ವಿಚ್ ಮುಟ್ಟುವ ಮೊದಲು ಬೆರಳು ತೋರಿಸಿ, "ಮೇನ್ ಆಫ್ ಆಗಿದೆ" ಎಂದು ಜೋರಾಗಿ ಹೇಳಿ. ಮೊದಮೊದಲು ನಾಚಿಕೆ ಆಗುತ್ತದೆ, ಆಗಲಿ ಬಿಡಿ. ಕಣ್ಣು, ಕೈ, ಬಾಯಿ ಮೂರೂ ಒಂದೇ ಕಡೆ ಸೇರಿದಾಗ ಮನಸ್ಸು ಅಲೆಯುವುದು ಕಷ್ಟ.

ಮಧ್ಯದಲ್ಲಿ ಯಾರಾದರೂ ಕರೆದರೆ ಅರ್ಧ ಗಮನ ಕೊಡಬೇಡಿ. ಮೆಷಿನ್ ನಿಲ್ಲಿಸಿ, ಮಾತಾಡಿ, ವಾಪಸ್ ಬಂದು ಒಂದೆರಡು ಹಂತ ಹಿಂದಿನಿಂದ ನೋಡಿಕೊಂಡು ಶುರು ಮಾಡಿ. ಏನಾದರೂ ಸಿಕ್ಕಿಕೊಂಡರೆ ಕರೆಂಟ್ ತೆಗೆದು, ಮೇನ್ ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈಯನ್ನು ನಿಮ್ಮ ಜೇಬಲ್ಲೇ ಇಟ್ಟುಕೊಳ್ಳಿ, "ಒಂದೇ ಸೆಕೆಂಡು" ಅಂತ ಓಡುವ ಮೆಷಿನ್ನಿಗೆ ಕೈ ಹಾಕಲೇಬೇಡಿ. ಫೋನ್ ದೂರವಿರಲಿ.

ನಿದ್ದೆ ಕೆಟ್ಟ ದಿನ ಮೇಲಿನವರಿಗೆ ಹೇಳಿಬಿಡಿ. ಸುಮಾರು 17 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ ಶೇ. 0.05 ಮದ್ಯ ಇರುವವರ ಮಟ್ಟಕ್ಕೆ ಇಳಿದಿರುತ್ತದೆ. ಅಂಥ ದಿನ ಗರಗಸ, ಏಣಿ, ಫೋರ್ಕ್‌ಲಿಫ್ಟ್ ಬೇರೆಯವರು ನೋಡಿಕೊಳ್ಳಲಿ.