ದೊಡ್ಡ ಮರ್ಸೆನ್ ಸಂಖ್ಯೆಯನ್ನು ಪೆನ್ಸಿಲಿನಲ್ಲೇ ಪರೀಕ್ಷಿಸುವುದು

8191 ಅವಿಭಾಜ್ಯ ಸಂಖ್ಯೆಯಾ ಅಂತ ಕೇಳಿದರೆ ಹೆಚ್ಚಿನವರು 3, 5, 7, 11 ಅಂತ ಭಾಗಿಸುತ್ತಾ ಕೂರುತ್ತಾರೆ. ವರ್ಗಮೂಲ 90 ಚಿಲ್ಲರೆ, ಅಂದರೆ 89ರವರೆಗಿನ 24 ಅವಿಭಾಜ್ಯಗಳನ್ನು ನೋಡಬೇಕು. ಆದರೆ ಇದು 2¹³ − 1, ಅಂದರೆ 2ರ ಘಾತದಲ್ಲಿ 1 ಕಳೆದರೆ ಬರುವ ಮರ್ಸೆನ್ ಸಂಖ್ಯೆ, ಅಂತ ಗೊತ್ತಿದ್ದರೆ ಒಂದೇ ಭಾಗಾಕಾರ ಸಾಕು.

ಮೊದಲು ಘಾತಾಂಕ ನೋಡಿ. ಅದೇ ಅವಿಭಾಜ್ಯವಲ್ಲದಿದ್ದರೆ ಕೆಲಸ ಅಲ್ಲಿಗೇ ಮುಗಿಯಿತು. 2¹⁵ − 1 ಅನ್ನು 2³ − 1, ಅಂದರೆ 7, ಭಾಗಿಸಿಯೇ ಭಾಗಿಸುತ್ತದೆ.

ಘಾತಾಂಕ 13ರಂಥ ಬೆಸ ಅವಿಭಾಜ್ಯವಾಗಿದ್ದರೆ, ಭಾಜಕವಾಗಬಲ್ಲ ಅವಿಭಾಜ್ಯಕ್ಕೆ ಎರಡು ಶರತ್ತುಗಳಿವೆ. ಒಂದು, ಅದರಲ್ಲಿ 1 ಕಳೆದರೆ ಘಾತಾಂಕದ ಎರಡರಷ್ಟರಿಂದ ಭಾಗವಾಗಬೇಕು. ಇನ್ನೊಂದು, ಅದನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಇರಬೇಕು. ಮೊದಲನೆಯದಕ್ಕೆ ಕಾರಣ ಸರಳ. ಆ ಭಾಜಕದಿಂದ 2ರ ಘಾತಗಳನ್ನು ಭಾಗಿಸುತ್ತಾ ಹೋದರೆ ಶೇಷ 13 ಹೆಜ್ಜೆಗೊಮ್ಮೆ 1ಕ್ಕೆ ಮರಳುತ್ತದೆ. ಫರ್ಮಾ ಪ್ರಮೇಯದ ಪ್ರಕಾರ ಭಾಜಕಕ್ಕಿಂತ ಒಂದು ಕಡಿಮೆ ಹೆಜ್ಜೆ ಇಟ್ಟಾಗಲೂ 1 ಬರಲೇಬೇಕು. ಹಾಗಾಗಿ ಆ ಹೆಜ್ಜೆಗಳ ಸಂಖ್ಯೆಯನ್ನು 13 ಭಾಗಿಸಬೇಕು. ಭಾಜಕ ಬೆಸ, ಆದ್ದರಿಂದ 26 ಕೂಡ ಭಾಗಿಸುತ್ತದೆ.

ಈಗ 26ರ ಗುಣಕಗಳಿಗೆ 1 ಸೇರಿಸಿ: 27, 53, 79. ಅಲ್ಲಿಗೆ ವರ್ಗಮೂಲದ ಗಡಿ. 8ರಿಂದ ಭಾಗಿಸಿದರೆ ಶೇಷ 3, 5, 7. ಉಳಿದದ್ದು 79 ಒಂದೇ. 79 × 103 = 8137, ಇನ್ನೂ 54 ಉಳಿಯಿತು. 8191 ಅವಿಭಾಜ್ಯ!

ನನಗೆ ಇದಕ್ಕಿಂತ ಇಷ್ಟ 2¹⁷ − 1, ಅಂದರೆ 131071. ಎರಡೂ ಜರಡಿ ದಾಟಿ ಉಳಿಯುವ ಅವಿಭಾಜ್ಯಗಳು 103, 137, 239. ಶೇಷಗಳು 55, 99, 99. ಕೊನೆಯ ಎರಡು ಒಂದೇ ಬಂದಿದ್ದು ಲೆಕ್ಕದ ತಪ್ಪಲ್ಲ, 4 × 137 × 239 = 130972 ಆಗಿರುವುದರಿಂದ ಹಾಗೆ.

ಎಲ್ಲ ಸಲವೂ ಅವಿಭಾಜ್ಯವೇ ಸಿಗುತ್ತದೆ ಅಂದುಕೊಳ್ಳಬೇಡಿ. 2²⁹ − 1ಕ್ಕೆ ಜರಡಿಯಲ್ಲಿ ಉಳಿಯುವ ಮೊದಲ ಅವಿಭಾಜ್ಯವೇ 233, ಅದೇ ಭಾಗಿಸಿಬಿಡುತ್ತದೆ.

2³¹ − 1, ಅಂದರೆ 2147483647, ಅವಿಭಾಜ್ಯ ಅಂತ ಆಯ್ಲರ್ 1772ರಲ್ಲಿ ತೋರಿಸಿದ್ದು ಇದೇ ದಾರಿಯಲ್ಲಿ. ಅಲ್ಲಿ ಪರೀಕ್ಷಿಸಬೇಕಾದವು 248ರ ಗುಣಕಕ್ಕೆ 1 ಅಥವಾ 63 ಸೇರಿಸಿದರೆ ಬರುವ ಸಂಖ್ಯೆಗಳು ಮಾತ್ರ. 46340ರ ಒಳಗೆ ಅಂಥವು, 63 ಬಿಟ್ಟರೆ, 372. ತಾಳ್ಮೆ ಇದ್ದರೆ ಆಗುವ ಕೆಲಸವೇ, ಅಲ್ವಾ?

2⁶⁷ − 1ಕ್ಕೆ ಮಾತ್ರ ಈ ದಾರಿ ಹಿಡಿಯಬೇಡಿ. ಅದರ ಸಣ್ಣ ಅಪವರ್ತನವೇ 193707721. 134ರ 14,45,580ನೇ ಗುಣಕದವರೆಗೆ ಹೋಗಬೇಕು! ಇಂಥ ಕಡೆ ಲ್ಯೂಕಾಸ್-ಲೆಹ್ಮರ್ ಪರೀಕ್ಷೆ ಒಳ್ಳೆಯದು. 4ರಿಂದ ಶುರುಮಾಡಿ, ವರ್ಗ ಮಾಡಿ 2 ಕಳೆಯಿರಿ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ. 127ರಲ್ಲಿ, ಅಂದರೆ 2⁷ − 1ರಲ್ಲಿ, ಕೈ ಪಳಗಿಸಿಕೊಳ್ಳಿ: 4, 14, 67, 42, 111, 0. ಪ್ರತಿ ಸಲವೂ ಶೇಷಕ್ಕೆ ಇಳಿಸಲು ಮರೆಯಬೇಡಿ, ಇಲ್ಲದಿದ್ದರೆ ನಾಲ್ಕನೇ ವರ್ಗಕ್ಕೇ ಸಂಖ್ಯೆ ಹತ್ತು ಅಂಕಿಗೆ ಬೆಳೆಯುತ್ತದೆ.